ಅವಲಕ್ಕಿ ತಿನ್ನುವ ಬಿಡಿಭಾಗ

ಹುಬ್ಬಳ್ಳಿಯಲ್ಲಿ ರೇಡಿಯೋ ರಿಪೇರಿ ಮಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸರ್ಕಿಟ್ಟಿನ ಒಂದು ಬಿಡಿಭಾಗಕ್ಕೆ ದಿನಾ ಅವಲಕ್ಕಿ ತಿನ್ನಿಸಿದವನು ನಾನೊಬ್ಬನೇ ಎಂದು ತಿಳಿದಿದ್ದೇನೆ. ಈ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಅದನ್ನು ಇಷ್ಟು ವರ್ಷ ನುಂಗಿಕೊಂಡು ಕೂತಿದ್ದೆ.

ನಾನು ಧಾರವಾಡದ ಹತ್ತಿರದ ಗರಗದವನು. ಮನೆಯಲ್ಲಿ ತಾಯಿ ನೂಲುತ್ತಿದ್ದಳು, ತಂದೆ ನೇಯುತ್ತಿದ್ದ. ಮ್ಯಾಟ್ರಿಕ್ ಮುಗಿಸಿದ ಮೇಲೆ ನನಗೆ ಮಗ್ಗ ಹಿಡಿಸಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯ ಒಂದು ಅಂಗಡಿಯಲ್ಲಿ ಕೂತು ರೇಡಿಯೋ ಬಿಚ್ಚುವುದು, ಜೋಡಿಸುವುದು ಕಲಿತೆ. ತೊಂಬತ್ತರ ದಶಕ ಬರುವ ಹೊತ್ತಿಗೆ ರೇಡಿಯೋ ರಿಪೇರಿಗೆ ತರುವವರೇ ಕಡಿಮೆಯಾದರು. ಪುಣ್ಯಕ್ಕೆ ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಯೋಗಾಲಯದ ಅಟೆಂಡರ್ ಕೆಲಸ ಸಿಕ್ಕಿತು. ಕಮರಿಪೇಟೆಯ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗುವುದು, ಗಾಜಿನ ಸಾಮಾನು ತೊಳೆಯುವುದು, ಕೆಟ್ಟ ಮೀಟರು ಸರಿಮಾಡುವುದು. ಹೀಗೆ ಹತ್ತು ವರ್ಷ ಹೋದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮಳೆಗಾಲ. ಸಸ್ಯಶಾಸ್ತ್ರ ಕಲಿಸುವ ಬಾಯಾರು ನನ್ನನ್ನು ಕರೆದರು. ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವರು, ನನ್ನನ್ನು ಕಾಕಾ ಅನ್ನುತ್ತಿದ್ದರು. ಕಾಲೇಜಿನ ಹಿಂದೆ ಕೊಳೆತು ಬಿದ್ದ ಮಾವಿನ ದಿಮ್ಮಿಯ ಮೇಲೆ ಹಳದಿ ಲೋಳೆಯಂಥದ್ದು ಹರಡಿತ್ತು. ಅದನ್ನು ತೋರಿಸಿ ಕೇಳಿದರು.

"ಕಾಕಾ, ಇದೇನು ಹೇಳ್ರಿ ನೋಡೋಣು?"

"ಬೂಷ್ಟರೀ ಬಾಯಾರ. ಕೆರದು ಒಗೀಲೇನು?"

"ಒಗದೀರಿ ಮತ್ತ! ಇದಕ್ಕ ಮಿದುಳಿಲ್ಲ, ನರ ಇಲ್ಲ. ಆದ್ರೂ ಊಟ ಎಲ್ಲದ ಅಂತ ಹುಡುಕ್ಕೋತ ಹೋಗತದ, ಹತ್ತರದ ದಾರಿ ಯಾವುದು ಅಂತ ಆರಿಸತದ. ಇದನ್ನ ಸರ್ಕಿಟ್ಟಿನ್ಯಾಗ ಕೂಡಸೂಣು."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಅಲ್ಲೇ ದಿಮ್ಮಿಯ ಮುಂದೆ ನಿಂತು ವಿವರಿಸಿದರು. ಕಂಪ್ಯೂಟರಿನೊಳಗೆ ನಡೆಯುವುದೆಲ್ಲ ಕೊನೆಗೆ ಹೌದು, ಅಲ್ಲ ಎಂಬ ಎರಡೇ ಉತ್ತರಗಳ ಆಟ. ಆ ಉತ್ತರವನ್ನು ಸಿಲಿಕಾನ್ ಚೂರಿನ ಬದಲು ಜೀವ ಇರುವುದೊಂದು ಕೊಡಬಲ್ಲದೇ? ಈ ಹಳದಿ ಜೀವಿ ಕತ್ತಲಲ್ಲಿ ನೆಮ್ಮದಿಯಾಗಿರುತ್ತದೆ, ಬೆಳಕು ಬಿದ್ದರೆ ಮುದುಡುತ್ತದೆ. ಅದರ ಎಳೆಯೊಳಗೆ ರಸ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಹರಿದಾಗಲೆಲ್ಲ ಒಂದಿಷ್ಟು ವಿದ್ಯುತ್ತು ಏರುತ್ತದೆ, ಇಳಿಯುತ್ತದೆ. ಆ ಮಿಡಿತವನ್ನು ಹಿಡಿದು ಒಂದು ಸಣ್ಣ ದೀಪಕ್ಕೆ ಜೋಡಿಸಬೇಕು. ಕತ್ತಲಿದ್ದಾಗ ದೀಪ ಹತ್ತಬೇಕು, ಬೆಳಕು ಬಿದ್ದಾಗ ಆರಬೇಕು. ಹೌದು ಕೊಟ್ಟರೆ ಅಲ್ಲ, ಅಲ್ಲ ಕೊಟ್ಟರೆ ಹೌದು ಎಂದು ತಿರುಗಿಸಿ ಹೇಳುವ ಕೆಲಸ ಅದು. ಕಂಪ್ಯೂಟರಿನಲ್ಲಿ ಅದಕ್ಕಿಂತ ಸಣ್ಣ ಕೆಲಸ ಇಲ್ಲವಂತೆ.

ಅವತ್ತಿನಿಂದ ಒಂದು ಹಳೆಯ ಸ್ಟೋರ್ ಕೋಣೆ ನಮ್ಮದಾಯಿತು. ಪ್ರಿನ್ಸಿಪಾಲರಿಗೆ ಆ ಕೋಣೆಯನ್ನು ಕಂಪ್ಯೂಟರ್ ಕೋಣೆ ಮಾಡುವ ಆಸೆ ಇತ್ತು. "ಒಂದು ವರ್ಷ ನೋಡ್ತೀನಿ, ಆಮ್ಯಾಲ ಹೊರಗಿನವರನ್ನ ಕರಸಿ ತೋರಸ್ರಿ. ಅವರು ಹೌದು ಅಂದ್ರ ಮುಂದ," ಎಂದು ಬಾಯಾರಿಗೆ ಹೇಳಿ ಕೀಲಿ ಕೊಟ್ಟಿದ್ದರು.

ಆ ಕೋಣೆಯಲ್ಲಿ ನಾನು ಮಾಡಿದ ಕೆಲಸದ ಬಗ್ಗೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ. ಪುಸ್ತಕದಲ್ಲಿ ಆ ಜೀವಿಗೆ ಓಟ್ಸ್ ಹಾಕಬೇಕೆಂದು ಇತ್ತು. ಆಗ ನಮ್ಮ ಕಿರಾಣಿ ಅಂಗಡಿಗಳಲ್ಲಿ ಓಟ್ಸ್ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಜೋಳದ ನುಚ್ಚು ಹಾಕಿದೆ, ಮೂಸಿ ನೋಡಿ ಬಿಟ್ಟಿತು. ಗೋಧಿ ರವೆ ಹಾಕಿದೆ, ಅದಕ್ಕೆ ಬೇರೆ ಬೂಷ್ಟು ಹಿಡಿಯಿತು. ತೆಳು ಅವಲಕ್ಕಿ ಒಂದೆರಡು ಇಟ್ಟು ನೋಡಿದಾಗ ಮರುದಿನ ಬೆಳಿಗ್ಗೆ ಹಳದಿ ಬೀಸಣಿಗೆಯ ಹಾಗೆ ಹರಡಿ ಅದರ ಮೇಲೆ ಕೂತಿತ್ತು. ಪರದೇಶದ ಬೆಳ್ಳಿ ತಂತಿ ತರಿಸುವ ಬದಲು ನಮ್ಮ ಓಣಿಯ ಅಕ್ಕಸಾಲಿ ಪತ್ತಾರನ ಹತ್ತಿರ ಕೂದಲಿನಷ್ಟು ತೆಳುವಾಗಿ ಬೆಳ್ಳಿ ಎಳೆಸಿ ತಂದೆ. ಮೀಟರಿನಲ್ಲಿ ಜೀವಿಯ ಮಿಡಿತಕ್ಕಿಂತ ಟ್ಯೂಬ್‌ಲೈಟಿನ ಗುಂಯ್ ಹೆಚ್ಚು ಬರುತ್ತಿತ್ತು. ರೇಡಿಯೋದವನಿಗೆ ಆ ಗುಂಯ್ ಬಾಲ್ಯದ ಗೆಳೆಯ ಇದ್ದ ಹಾಗೆ. ಒಂದು ದೊಡ್ಡ ಬಿಸ್ಕೀಟ್ ಡಬ್ಬಿಯನ್ನು ತಂತಿಯಿಂದ ನೆಲಕ್ಕೆ ಜೋಡಿಸಿ, ಗಾಜಿನ ತಟ್ಟೆಯನ್ನು ಅದರೊಳಗಿಟ್ಟೆ. ಗುಂಯ್ ನಿಂತಿತು. ಒಳಗೆ ಒದ್ದೆ ಹತ್ತಿ ಇಟ್ಟು ಮುಚ್ಚಳ ಹಾಕಿದರೆ ತಂಪೂ ಆಯಿತು, ಕತ್ತಲೂ ಆಯಿತು.

ಕಾಗದದ ಸುರುಳಿಯ ಮೇಲೆ ತಾನೇ ಗೆರೆ ಎಳೆಯುವ ಹಳೆಯ ಯಂತ್ರವೊಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದನ್ನು ಸರಿಮಾಡಿ ಜೋಡಿಸಿದ ದಿನ ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಪೆನ್ನು ನಿಧಾನ ಏರಿತು. ಒಂದು ನಿಮಿಷ ದಾಟಿ ಇಳಿಯಿತು. ಮತ್ತೆ ಏರಿತು. ಒಂದು ಅಲೆ ದೊಡ್ಡದು, ಇನ್ನೊಂದು ಸಣ್ಣದು, ನಡುವೆ ಒಮ್ಮೆ ಏನೋ ನೆನಪಾದ ಹಾಗೆ ನಿಂತು ಮತ್ತೆ ಹೊರಟಿತು.

"ಕಾಕಾ, ಬಡೀಲಿಕ್ಕತ್ತದ!" ಎಂದರು ಬಾಯಾರು. ಅವರ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು, ಆದರೆ ನಾನು ಸೋಲ್ಡರಿನ ಹೊಗೆ ಅಂದೆ.

ಮನೆಯಲ್ಲಿ ಈ ಸುದ್ದಿ ಹೇಳಿದರೆ ನನ್ನ ಹೆಂಡತಿ, "ಇಲ್ಲಿ ಕಟ್ಟಿಕೊಂಡ ಹೇಂತಿ ಎದಿ ಬಡೀತೈತೊ ಇಲ್ಲೊ ಅಂತ ಒಂದಿನ ಕೇಳಿಲ್ಲ. ಬೂಷ್ಟಿನ ಎದಿ ಬಡದರ ಪೇಡೆ ಹಂಚ್ತಾರ," ಎಂದಳು.

ಹೊರಗಿನಿಂದ ಮೂವರು ಪ್ರೊಫೆಸರರು ನೋಡಲು ಬರುವುದು ನಿಶ್ಚಯವಾಯಿತು. ದಸರೆಯ ರಜೆ ಮುಗಿದು ಕಾಲೇಜು ತೆರೆಯುವ ದಿನ, ಅಂದರೆ ಬನ್ನಿ ಹಬ್ಬದ ಮರುದಿನ, ಹನ್ನೊಂದು ಗಂಟೆಗೆ. ಬಾಯಾರು ರಜೆಗೆ ತವರಿಗೆ ಹೊರಟರು. ಬೇರೆ ಒಂದು ತಟ್ಟೆಯಲ್ಲಿ ಬೆಳೆಸಿದ್ದ ಜೀವಿಯನ್ನು ಜೊತೆಗೇ ಒಯ್ದರು. ತಂತಿಗೆ ಜೋಡಿಸಿದ್ದನ್ನು ನನಗೆ ಒಪ್ಪಿಸಿದರು. "ನೀವು ಇದ್ದೀರಿ ಅಂತ ನಾ ಆರಾಮ ಹೋಗ್ತೀನಿ," ಎಂದರು.

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ.

ನಮ್ಮ ಮನೆತನದಲ್ಲಿ ಖಂಡೇಪೂಜೆ, ಅಂದರೆ ನವಮಿಯ ಆಯುಧಪೂಜೆ, ಸಣ್ಣ ಮಾತಲ್ಲ. ನಮ್ಮಪ್ಪ ಮಗ್ಗವನ್ನು ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ಬಿಟ್ಟರೆ ಬನ್ನಿ ಮುಡಿದು ಬರುವತನಕ ಯಾರೂ ಅದನ್ನು ಮುಟ್ಟಬಾರದು. ವರ್ಷವಿಡೀ ದುಡಿದ ಸಾಧನಕ್ಕೆ ಅದು ವಿಶ್ರಾಂತಿ. ಮುಟ್ಟಿದರೆ ಮುಂದಿನ ವರ್ಷ ಅದು ಕೈ ಕೊಡುತ್ತದೆ ಎಂದು ನಂಬಿಕೆ. ಕಮರಿಪೇಟೆಯ ಅಂಗಡಿಯಲ್ಲೂ ಹಾಗೆಯೇ ನಡೆಸಿದ್ದೆ. ಕಾಲೇಜಿನಲ್ಲಿ ಪ್ರತಿ ವರ್ಷ ಮೀಟರು, ಸೋಲ್ಡರಿಂಗ್ ಕಡ್ಡಿ, ಸೂಕ್ಷ್ಮದರ್ಶಕ ಎಲ್ಲಕ್ಕೂ ನಾನೇ ಪೂಜೆ ಮಾಡುತ್ತಿದ್ದೆ.

ಆ ವರ್ಷ ಅಷ್ಟಮಿಯ ಸಂಜೆ ಹೋಗಿ ಕೋಣೆ ಗುಡಿಸಿ, ಎಲ್ಲ ಸಾಧನಗಳನ್ನು ಸಾಲಾಗಿ ಇಟ್ಟೆ. ನಮ್ಮ ಬಿಸ್ಕೀಟ್ ಡಬ್ಬಿಯನ್ನು ನಟ್ಟನಡುವೆ ಇಟ್ಟೆ. ಎಲ್ಲಕ್ಕಿಂತ ದೊಡ್ಡ ಸಾಧನ ಅದೇ ಅಲ್ಲವೇ? ಪೂಜೆಗೆ ಮುಖ ಕಾಣಬೇಕೆಂದು ಮುಚ್ಚಳ ತೆಗೆದೆ, ಒದ್ದೆ ಹತ್ತಿಯನ್ನು ಆಚೆ ಇಟ್ಟೆ. ನವಮಿಯ ದಿನ ಡಬ್ಬಿಗೆ ಕುಂಕುಮ ಹಚ್ಚಿ, ಹೂ ಇಟ್ಟು, ಕಾಯಿ ಒಡೆದು ಕೀಲಿ ಹಾಕಿಕೊಂಡು ಬಂದೆ. ಅವಲಕ್ಕಿ ಹಾಕಲಿಲ್ಲ, ನೀರು ಚಿಮುಕಿಸಲಿಲ್ಲ. ಪೂಜೆಯಲ್ಲಿರುವುದನ್ನು ಮುಟ್ಟಬಾರದಲ್ಲ. ದಶಮಿಯ ದಿನ ಓಣಿಯ ಮಂದಿಗೆಲ್ಲ ಬನ್ನಿ ಕೊಟ್ಟು ಬಂಗಾರದಂಗಿರೋಣು ಎಂದು ಹೇಳುತ್ತ ತಿರುಗಿದೆ. ಡಬ್ಬಿಯ ನೆನಪೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕೋಣೆ ತೆರೆದೆ. ತಟ್ಟೆಯಲ್ಲಿ ಹಳದಿ ಇರಲಿಲ್ಲ. ಎರಡು ಬೆಳ್ಳಿ ತಂತಿಗಳ ನಡುವೆ ಕಂದು ಬಣ್ಣದ ಒಣ ಹೊಪ್ಪಳೆ ಇತ್ತು, ಹಂಚಿಗೆ ಅಂಟಿ ಉಳಿದ ರೊಟ್ಟಿಯ ಚೂರಿನ ಹಾಗೆ. ಬೆರಳಿಂದ ಮುಟ್ಟಿದರೆ ಎದ್ದು ಬಂತು. ಮೂರು ದಿನ ದೇವರೆಂದು ಕೈಮುಗಿದು ನೀರು ಕೊಡದೆ ಕೊಂದುಬಿಟ್ಟಿದ್ದೆ.

ಬಾಯಾರು ಬಂದ ಕೂಡಲೇ ನಿಜ ಹೇಳಬಹುದಿತ್ತು. ಅವರು ಬರುವುದು ಹತ್ತೂವರೆಗೆ. ನಡುವೆ ಎರಡೂವರೆ ತಾಸು ನನ್ನ ಕೈಯಲ್ಲಿದ್ದವು, ಕೈಯಲ್ಲಿ ವಿದ್ಯೆಯೂ ಇತ್ತು. ಎಂಟು ಕಾಲಿನ ಒಂದು ಟೈಮರ್ ಐಸಿ, ಎರಡು ದಪ್ಪ ಕೆಪಾಸಿಟರ್, ನಾಲ್ಕು ರೆಸಿಸ್ಟರ್, ಒಂದು ಬ್ಯಾಟರಿ. ನಿಧಾನ ಏರಿ ನಿಧಾನ ಇಳಿಯುವ ಸರ್ಕಿಟ್ಟು ಕಟ್ಟಿ, ಡಬ್ಬಿಯೊಳಗೆ ತಟ್ಟೆಯ ಜಾಗದಲ್ಲಿ ಇಟ್ಟು ಮುಚ್ಚಳ ಬಿಗಿದೆ. ಪೆನ್ನು ಏರಿತು, ಇಳಿಯಿತು. ಆ ಒಣ ಹೊಪ್ಪಳೆಯನ್ನು ಒಗೆಯಲು ಮನಸ್ಸಾಗಲಿಲ್ಲ. ಒಂದು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿಗೆ ಇಳಿಸಿದೆ. ಸಂಜೆ ಬನ್ನಿಗಿಡದ ಬುಡಕ್ಕೆ ಹಾಕಿ ಕೈಮುಗಿಯಬೇಕೆಂದುಕೊಂಡಿದ್ದೆ, ಅದೂ ಆಗದೆ ಪೊಟ್ಟಣ ಮನೆಯ ಟ್ರಂಕಿನಲ್ಲಿ ಉಳಿಯಿತು.

ಪ್ರೊಫೆಸರರು ಬಂದರು. ತವರಿನಿಂದ ತಂದ ತಟ್ಟೆಯ ಜೀವಿಯನ್ನು ಬಾಯಾರು ತೋರಿಸಿದರು. ಡಬ್ಬಿ ತೆರೆದರೆ ಬೆಳಕಿಗೆ ಬೆದರುತ್ತದೆ ಎಂದು ನಾನು ಹೇಳಿದೆ, ಯಾರೂ ತೆರೆಯಲಿಲ್ಲ. ಸುರುಳಿಯ ಮೇಲೆ ಅಲೆಗಳು ಒಂದರ ಹಿಂದೆ ಒಂದು ಮೂಡುತ್ತಿದ್ದವು, ಒಂದೇ ಎತ್ತರ, ಒಂದೇ ಅಂತರ. ಅವರಲ್ಲಿ ಹಿರಿಯರು ಕನ್ನಡಕ ಏರಿಸಿ, "ಭಲೆ! ಗಡಿಯಾರ ಇದ್ದಂಗ ಅದ. ಇಷ್ಟು ಸಮ ಬಡೀತದ ಅಂದ್ರ ಸರ್ಕಿಟ್ಟಿಗೆ ಇದಕ್ಕಿಂತ ಛಲೋ ಬೇಕೇನು? ಇಂಥವು ಇನ್ನೂ ಹತ್ತು ಸುರುಳಿ ಕಳಸ್ರಿ, ಮುಂದಿನದು ನಾವು ನೋಡ್ತೀವಿ," ಎಂದರು. ಹೋಗುವಾಗ ನನ್ನ ಬೆನ್ನು ತಟ್ಟಿದರು. ಬಾಯಾರ ಮುಖ ಆ ದಿನ ಹಬ್ಬದ ಹಾಗೆ ಇತ್ತು.

ಸಂಜೆ ಅವರು ಹೋದ ಮೇಲೆ ಟೈಮರನ್ನು ಕಳಚಿ ಮನೆಗೆ ಒಯ್ದೆ, ಆ ತಟ್ಟೆ ಕೆಟ್ಟುಹೋಯಿತೆಂದು ಮರುದಿನ ಬಾಯಾರಿಗೆ ಹೇಳಿದೆ. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು. ಹೊಸ ತಟ್ಟೆ ಜೋಡಿಸುತ್ತೇವೆ, ಅದು ಬಡಿಯುತ್ತದೆ, ಸುಳ್ಳಿನ ಜಾಗದಲ್ಲಿ ನಿಜ ಬಂದು ಕೂಡುತ್ತದೆ ಎಂದುಕೊಂಡಿದ್ದೆ. ನಿಜ ಬಂತು. ಬಾಯಾರು ಅದನ್ನು ನಂಬಲಿಲ್ಲ.

ಹೊಸ ತಟ್ಟೆಯ ಜೀವಿ ಮೊದಲಿನ ಹಾಗೆಯೇ ಬಡಿಯುತ್ತಿತ್ತು, ಏರುಪೇರಾಗಿ. ಬಾಯಾರು ಸುರುಳಿಯನ್ನು ಆ ದಿನದ ಸುರುಳಿಯ ಪಕ್ಕ ಹಾಸಿ ಅಳತೆಪಟ್ಟಿ ಇಟ್ಟು ನೋಡಿ, "ಇದು ಕೆಟ್ಟದ ಕಾಕಾ, ರದ್ದಿಗೆ ಹಾಕ್ರಿ," ಎನ್ನುತ್ತಿದ್ದರು. ಇನ್ನೊಂದು ತಟ್ಟೆ. ಅದೂ ರದ್ದಿಗೆ. ನೀರು ಬದಲಿಸಿದರು, ತಂತಿ ಬದಲಿಸಿದರು, ಅವಲಕ್ಕಿಯ ಅಂಗಡಿ ಬದಲಿಸಿದರು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಅವರು ದಿನಾ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅವತ್ತ ನಾವು ಏನು ಬ್ಯಾರೆ ಮಾಡಿದ್ವಿ ಕಾಕಾ? ನೆನಪು ಮಾಡ್ಕೋರಿ."

ನನಗೆ ನೆನಪಿರಲಿಲ್ಲವೇ! ಗರಗದಲ್ಲಿ ನಮ್ಮವ್ವ ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದು ನೋಡುತ್ತಿದ್ದಳು. ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು ತಾಗಿದರೆ ಕೈನೂಲು. ಒಂದೇ ಸಮ ಇದ್ದರೆ, "ಇದು ಗಿರಣಿದು, ನನಗ ಮೋಸ ಮಾಡ್ಬ್ಯಾಡ್ರಿ," ಎಂದು ತಿರುಗಿಸಿ ಕೊಡುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ ನಾನು ಗಿರಣಿ ನೂಲು ಮಾರಿದ್ದೆ. ಈಗ ಕಣ್ಣೆದುರೇ ಕೈನೂಲು ರದ್ದಿಗೆ ಹೋಗುತ್ತಿತ್ತು.

ಆದರೆ ಒಂದು ಸುರುಳಿಯನ್ನೂ ನಾನು ರದ್ದಿಗೆ ಹಾಕಲಿಲ್ಲ. ಒಂದೊಂದನ್ನೂ ಸುತ್ತಿ, ಮೇಲೆ ತಾರೀಖು ಬರೆದು, ಮನೆಗೆ ಒಯ್ದು ಟ್ರಂಕಿನಲ್ಲಿ ಇಡುತ್ತ ಬಂದೆ. ಅಷ್ಟಾದರೂ ಬುದ್ಧಿ ದೇವರು ಕೊಟ್ಟಿದ್ದ.

ಒಂದು ಶುಕ್ರವಾರ ಬಾಯಾರು ಕುರ್ಚಿಯಲ್ಲಿ ಕೂತು ಸಾವಕಾಶ ಹೇಳಿದರು. "ಸೋಮವಾರ ಕೀಲಿ ಪ್ರಿನ್ಸಿಪಾಲರಿಗೆ ಕೊಟ್ಟುಬಿಡ್ತೀನಿ ಕಾಕಾ. ಅವತ್ತ ಬಂದದ್ದು ಏನೋ ಅದೃಷ್ಟ. ಜೀವ ಇದ್ದದ್ದನ್ನ ಸರ್ಕಿಟ್ಟಿನ್ಯಾಗ ನಂಬಲಿಕ್ಕೆ ಬರೂದಿಲ್ಲ ಅಂತ ಬರದು ಕೈ ತೊಳಕೋತೀನಿ."

ಶನಿವಾರ ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಒಗ್ಗರಣೆ ಅವಲಕ್ಕಿ ಮುಂದಿಟ್ಟಳು. ನಾನು ತಟ್ಟೆಯನ್ನು ಆಚೆ ಸರಿಸಿದೆ. ಏನಾಯಿತೆಂದು ಕೇಳಿದಳು. ಎಲ್ಲವನ್ನೂ ಹೇಳಿಬಿಟ್ಟೆ. ಆಕೆ ಸಟ್ಟುಗ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು.

"ಏನ್ರೀ, ಅದು ಜೀವ ಇದ್ದದ್ದು ಹೌದಲ್ಲೊ?"

"ಹೌದು."

"ಮತ್ತ ಅದಕ್ಕ ಖಂಡೇಪೂಜಿ ಯಾಕ ಮಾಡಿದ್ರಿ? ಕಾರಹುಣ್ಣಿವಿ ಮಾಡಬೇಕಿತ್ತು! ಎತ್ತಿನ ಪೂಜಿ ಅಂದ್ರ ಮೈ ತೊಳದು, ಮದಲ ಅದಕ್ಕ ಉಣಿಸಿ, ಆಮ್ಯಾಲ ನಾವು ಉಣ್ಣೂದು. ಕುಡಗೋಲಿಗೆ ಮಾಡಿದಂಗ ಎತ್ತಿಗೆ ಮಾಡಿ ಮೂರು ದಿನ ಉಪಾಸ ಕೆಡವಿದ್ರಿ. ಮಾಸ್ತರಕಿ ಮಾಡೋ ಊರಾಗ ದುಡದು ಇಷ್ಟ ಕಲತ್ರೇನು?" ಸ್ವಲ್ಪ ತಡೆದು, "ಏಳ್ರಿ. ಆ ಟ್ರಂಕ್ ಖಾಲಿ ಮಾಡ್ರಿ. ಆ ಹೆಣ್ಮಗಳು ಸೋಮವಾರದ ಮಟ ಕಾಯಬಾರದು," ಎಂದಳು.

ಸುರುಳಿಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು, ಬೆಂಕಿಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಾಯಾರು ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದರು. ನಿಂತಲ್ಲೇ ಹೇಳಿದೆ. ಟೈಮರನ್ನೂ ತಂದಿದ್ದೆ, ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಕಟ್ಟುತ್ತಿದ್ದ ಹಗ್ಗವನ್ನು ಕೆಳಗಿಟ್ಟರು.

"ಮೂರು ತಿಂಗಳು," ಎಂದರು. "ಮೂರು ತಿಂಗಳು ಖರೇ ಬಡದದ್ದನ್ನ ಸುಳ್ಳು ಅಂತ ನನ್ನ ಕೈಲೇ ರದ್ದಿಗೆ ಹಾಕಿಸಿದ್ರಿ ಕಾಕಾ. ನನಗ ಹುಚ್ಚ ಹಿಡಿಯೂದೊಂದು ಬಾಕಿ ಇತ್ತು. ದಿನಾ ನನ್ನ ಮುಂದ ನಿಂತು ಹೆಂಗ ಸುಮ್ಮನಿದ್ರಿ?"

ಗೋಣಿಚೀಲ ಬಿಚ್ಚಿ ಸುರುಳಿಗಳನ್ನು ಮೇಜಿನ ಮೇಲೆ ಸುರುವಿದೆ. ಅವರು ಒಂದನ್ನು ಬಿಡಿಸಿದರು. ಇನ್ನೊಂದನ್ನು ಬಿಡಿಸಿದರು. ಮೇಲೆ ಬರೆದ ತಾರೀಖುಗಳನ್ನು ಓದಿದರು. ಆಮೇಲೆ ತಲೆ ಎತ್ತದೆ ಕೇಳಿದರು.

"ಒಣಗಿದ್ದನ್ನ ಏನು ಮಾಡಿದ್ರಿ?"

ಬೆಂಕಿಪೊಟ್ಟಣ ಕೊಟ್ಟೆ. ಅವರು ಹೊಪ್ಪಳೆಯನ್ನು ತಟ್ಟೆಯಲ್ಲಿ ಒದ್ದೆ ಕಾಗದದ ಮೇಲಿಟ್ಟು, ಹನಿ ಹನಿಯಾಗಿ ನೀರು ಹಾಕಿ, ಒಂದು ಅವಲಕ್ಕಿ ಇಟ್ಟು ಮುಚ್ಚಿದರು.

"ನಾಳಿ ಬರ್ರಿ," ಎಂದರು ಅಷ್ಟೇ.

ಭಾನುವಾರ ಬೆಳಿಗ್ಗೆ ಹೋದಾಗ ಬಾಯಾರು ಆಗಲೇ ಬಂದಿದ್ದರು. ಮುಚ್ಚಳ ತೆಗೆದು ತೋರಿಸಿದರು. ಕಂದು ಹೊಪ್ಪಳೆಯ ಅಂಚಿನಿಂದ ಹಳದಿ ಎಳೆಯೊಂದು ಹೊರಟು ಅವಲಕ್ಕಿಯ ಕಡೆ ಹೋಗುತ್ತಿತ್ತು. ನಾನು ಕೈಮುಗಿದೆ.

"ಇದು ಸತ್ತಿರಲಿಲ್ಲ. ನೀರು ಸಿಗದಿದ್ರ ಇದು ಹಿಂಗ ಒಣಗಿ ಮಲಗತದ. ಅವತ್ತ ಒಂದು ಮಾತು ಹೇಳಿದ್ದರ, ಒಂದು ದಿನ ನಿಲ್ರಿ ಅಂತಂದು ಆ ಮೂವರ ಮುಂದ ಇದನ್ನ ಎಬ್ಬಿಸಿ ತೋರಸ್ತಿದ್ದೆ. ಯಾವ ಸಿಲಿಕಾನ್ ಸತ್ತು ಎದ್ದದ್ದನ್ನ ಅವರು ನೋಡ್ಯಾರ?"

ಆ ಮಾತು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ಸೋಮವಾರ ಬಾಯಾರು ಕೀಲಿ ಕೊಡಲಿಲ್ಲ. ಆ ಮೂವರಿಗೆ ಪತ್ರ ಬರೆದರು. ಅಂದಿನ ಸುರುಳಿ ಜೀವಿಯದಲ್ಲ, ನಮ್ಮ ಸಾಧನದ ದೋಷದಿಂದ ಬಂದದ್ದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು. ಕಳಿಸುವ ಮೊದಲು ನನಗೆ ಓದಿಸಿದರು. "ನನ್ನ ಹೆಸರು ಹಾಕ್ರಿ ಬಾಯಾರ," ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ನೌಕರಿ ಇನ್ನೂ ಎಂಟು ವರ್ಷ ಇತ್ತು. ನಾನು ತಲೆಯಾಡಿಸಿ ಪತ್ರ ಹಿಂದೆ ಕೊಟ್ಟೆ. ಆ ಮೂವರಿಂದ ಉತ್ತರ ಬರಲಿಲ್ಲ. ಬಾಯಾರ ಕೆಲಸ ಅಷ್ಟು ನೆಚ್ಚುವಂಥದ್ದಲ್ಲ ಎಂದು ಆ ಹಿರಿಯ ಪ್ರೊಫೆಸರರು ಎಲ್ಲೋ ಅಂದರೆಂದು ಮುಂದೆ ಕಿವಿಗೆ ಬಿತ್ತು. ಬೇಸಿಗೆಗೆ ಕೋಣೆ ಹೋಯಿತು, ಅಲ್ಲಿ ಕಂಪ್ಯೂಟರುಗಳು ಬಂದವು. ನಮ್ಮ ಡಬ್ಬಿ ಸಸ್ಯಶಾಸ್ತ್ರ ವಿಭಾಗದ ಪಡಸಾಲೆಯ ಕಪಾಟಿಗೆ ಬಂತು.

ಕೆಲಸ ನಿಲ್ಲಲಿಲ್ಲ. ರದ್ದಿಯಾಗಬೇಕಿದ್ದ ಆ ಸುರುಳಿಗಳಿಂದಲೇ ಬಾಯಾರು ಜೀವಿಯ ನಿಜವಾದ ಬಡಿತ ಹೇಗೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂದು ಲೆಕ್ಕ ಹಾಕಿದರು. ಆ ಏರುಪೇರಿಗೆ ಒಗ್ಗುವ ಹಾಗೆ ನಾನು ಸರ್ಕಿಟ್ಟು ಬದಲಿಸಿದೆ. ಗಡಿಯಾರದಂಥ ಸಮ ಬಡಿತ ಕೇಳುವ ಸರ್ಕಿಟ್ಟು ಬೇಡ, ಮುಂದಿನ ಬಡಿತಕ್ಕೆ ತಡೆದು ಕಾಯುವ ಸರ್ಕಿಟ್ಟು ಬೇಕು ಎಂಬುದು ನನ್ನ ತಲೆಗೇ ಹೊಳೆಯಿತು. ಇದನ್ನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆ ವರ್ಷ ಕಾರಹುಣ್ಣಿಮೆಯ ದಿನ ಮನೆಯಿಂದ ಹೆಂಡತಿಯೇ ಒಂದು ಚಿಟಿಕೆ ಹೊಸ ಅವಲಕ್ಕಿ ಕಟ್ಟಿಕೊಟ್ಟಳು. ಮೊದಲು ಅದಕ್ಕೆ ಹಾಕಿ ಆಮೇಲೆ ನಾನು ನನ್ನ ಬುತ್ತಿ ಬಿಚ್ಚಿದೆ.

ಮರುವರ್ಷದ ಒಂದು ಮಧ್ಯಾಹ್ನ. ಡಬ್ಬಿ ಮುಚ್ಚಿತ್ತು, ಕೆಂಪು ದೀಪ ಹತ್ತಿತ್ತು, ಪೆನ್ನು ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಬಾಯಾರು ಮುಚ್ಚಳ ತೆಗೆದು ಕಿಟಕಿಯ ಬೆಳಕು ಬೀಳಲು ಬಿಟ್ಟರು. ಇಬ್ಬರೂ ಗಡಿಯಾರ ನೋಡುತ್ತ ಕೂತೆವು. ಹನ್ನೊಂದು ನಿಮಿಷಕ್ಕೆ ದೀಪ ಆರಿತು. ಮುಚ್ಚಳ ಹಾಕಿದರು. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಹತ್ತಿತ್ತು. ಪಕ್ಕದ ಕೋಣೆಯ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಕೋಟಿ ಸಲ ಮಾಡುವ ಕೆಲಸವನ್ನು ನಮ್ಮದು ಒಂದು ಚಹಾದ ಹೊತ್ತಿನಲ್ಲಿ ಒಂದು ಸಲ ಮಾಡಿತ್ತು. ಮುಚ್ಚಳ ತೆಗೆದು, ಹಾಕಿ, ಸಂಜೆಯವರೆಗೆ ಎಂಟು ಸಲ ನೋಡಿದೆವು. ಎಂಟು ಸಲವೂ ಸರಿ ಉತ್ತರ. ಒಳಗೆ ತಟ್ಟೆ ಬಿಟ್ಟರೆ ಬೇರೇನೂ ಇಲ್ಲ ಎಂದು ಬಾಯಾರು ಕೇಳದೆ ಇದ್ದರೂ ನಾನೇ ಪ್ರತಿ ಸಲ ಡಬ್ಬಿ ತಿರುಗಿಸಿ ತೋರಿಸಿದೆ. ಅವರು ನಕ್ಕು, "ಸಾಕು ಕಾಕಾ, ನಂಬೇನಿ," ಎಂದರು.

ಈಗ ನಾನು ನಿವೃತ್ತನಾಗಿ ಬಹಳ ವರ್ಷವಾಯಿತು. ಬಾಯಾರು ಈ ಸಂಗತಿ ಯಾರ ಮುಂದೆಯೂ ಎತ್ತಲಿಲ್ಲ, ಸಾಧನದ ದೋಷ ಎಂದು ಬರೆದ ಪತ್ರದ ಭಾರವನ್ನು ತಾವೇ ಹೊತ್ತರು. ಟ್ರಂಕಿನಲ್ಲಿ ನಮ್ಮ ಸುರುಳಿಗಳಲ್ಲಿ ಎರಡು ಉಳಿದಿವೆ. ಒಂದು ಆ ಎಂಟು ಸಲದ್ದು, ಏರುಪೇರಾದದ್ದು. ಇನ್ನೊಂದು ಗಡಿಯಾರದ ಹಾಗೆ ಸಮನಾದದ್ದು. ಸಾಧನದಲ್ಲಿ ಯಾವ ದೋಷವೂ ಇರಲಿಲ್ಲ. ಆ ಎರಡನೆಯ ಸುರುಳಿ ನನ್ನದು.